ಪ್ರಿಫೆಚ್ ಹಾಕಿದರೂ ಕ್ವೆರಿ ಇಳಿಯುತ್ತಿಲ್ಲವೇ?

ಪ್ರಶ್ನೆ: ಜಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆರ್ಡರ್ ಪಟ್ಟಿಯ ಪುಟವಿದೆ. 100 ಆರ್ಡರ್, ಪ್ರತಿಯೊಂದರಲ್ಲೂ ರದ್ದಾಗದ 3 ಐಟಂ. ಐಟಂಗಳನ್ನೆಲ್ಲ ಒಟ್ಟಿಗೆ ಮೊದಲೇ ತರುವ ಪ್ರಿಫೆಚ್_ರಿಲೇಟೆಡ್ ಹಾಕಿದ ಮೇಲೂ ಡೀಬಗ್ ಟೂಲ್‌ಬಾರ್ 502 ಕ್ವೆರಿ (ಡೇಟಾಬೇಸಿಗೆ ಹೋಗುವ ಕೋರಿಕೆ) ತೋರಿಸುತ್ತಿದೆ. ಏಕೆ?

ಉತ್ತರ: ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ತಪ್ಪು ಬಹುಪಾಲು ಒಂದೇ ಕಡೆ: ಲೂಪಿನೊಳಗೆ ಆರ್ಡರ್.ಐಟಮ್ಸ್.ಫಿಲ್ಟರ್ ಎಂದು ಬರೆದಿರುತ್ತೀರಿ. ಪ್ರಿಫೆಚ್ ತಂದಿಟ್ಟ ಸಾಲುಗಳು ಆಲ್ ಎಂದು ಕೇಳಿದಾಗ ಸಿಗುತ್ತವೆ. ಫಿಲ್ಟರ್, ಆರ್ಡರ್_ಬೈ ಸೇರಿಸಿದರೆ ಅದು ಹೊಸ ಕ್ವೆರಿ, ಜಾಂಗೋ ಮತ್ತೆ ಡೇಟಾಬೇಸಿಗೆ ಹೋಗುತ್ತದೆ. ಲೆಕ್ಕ ಹಾಕಿ: ಆರ್ಡರಿಗೆ 1, ದಂಡವಾದ ಪ್ರಿಫೆಚ್ 1, ಪ್ರತಿ ಆರ್ಡರಿನ ಗ್ರಾಹಕರಿಗೆ ಒಂದರಂತೆ 100, ಫಿಲ್ಟರಿಗೆ 100, ಪ್ರತಿ ಐಟಂನ ಪ್ರಾಡಕ್ಟಿಗೆ ಒಂದರಂತೆ 300. ಒಂದು ಕ್ವೆರಿಗೆ 2 ಮಿಲಿಸೆಕೆಂಡ್ ಹಿಡಿದರೂ ಒಂದು ಸೆಕೆಂಡ್ ಅಲ್ಲೇ ಹೋಯಿತು.

ಗ್ರಾಹಕರಿಗೆ ಸೆಲೆಕ್ಟ್_ರಿಲೇಟೆಡ್ ಹಾಕಿ, ಅದು ಜಾಯಿನ್ ಮಾಡಿ (ಟೇಬಲ್‌ಗಳನ್ನು ಜೋಡಿಸಿ) ಅದೇ ಕ್ವೆರಿಯಲ್ಲಿ ಅವರ ವಿವರವನ್ನೂ ತರುತ್ತದೆ. ಐಟಂಗಳಿಗೆ ಬರೀ ಹೆಸರು ಕೊಡುವ ಬದಲು ಪ್ರಿಫೆಚ್ ಆಬ್ಜೆಕ್ಟ್ ಕೊಡಿ: ಅದರ ಕ್ವೆರಿಸೆಟ್‌ನಲ್ಲೇ ರದ್ದಾಗದವುಗಳ ಫಿಲ್ಟರ್, ಪ್ರಾಡಕ್ಟಿನ ಸೆಲೆಕ್ಟ್_ರಿಲೇಟೆಡ್ ಎರಡೂ ಇರಲಿ, ಸಿಕ್ಕ ಸಾಲುಗಳಿಗೆ ಟು_ಆಟ್ರ್‌ನಲ್ಲಿ ಬೇರೆ ಹೆಸರಿಡಿ. ಲೂಪಿನಲ್ಲಿ ಆ ಹೆಸರನ್ನೇ ಬಳಸಿ. ಅದು ಲಿಸ್ಟ್, ಮುಂದೆ ಆಲ್ ಬೇಡ. 502 ಇದ್ದದ್ದು 2ಕ್ಕೆ ಇಳಿಯುತ್ತದೆ.

ಕ್ವೆರಿ ಎಷ್ಟೆಂದು ಎಣಿಸಿ ನೋಡುವ ಅಸರ್ಟ್‌ನಮ್‌ಕ್ವೆರೀಸ್ ಟೆಸ್ಟ್ ಬರೆಯದೆ ಬಿಡಬೇಡಿ. ಟೆಸ್ಟಿನಲ್ಲಿ ಕನಿಷ್ಠ ಮೂರು ಆರ್ಡರ್ ಇರಲಿ. ಒಂದೇ ಇಟ್ಟರೆ, ಪ್ರಿಫೆಚ್ ಬಿಟ್ಟು ಲೂಪಿನಲ್ಲೇ ಐಟಂ, ಪ್ರಾಡಕ್ಟ್ ಒಟ್ಟಿಗೆ ತಂದಿದ್ದರೂ ಆರ್ಡರಿಗೆ 1, ಐಟಂಗಳಿಗೆ 1 ಸೇರಿ ಎರಡೇ ಆಗಿ ಟೆಸ್ಟ್ ಪಾಸಾಗುತ್ತದೆ.

‘ಎಲ್ಲಕ್ಕೂ ಜಾಯಿನ್ ಹಾಕಿ ಒಂದೇ ಕ್ವೆರಿಯಲ್ಲಿ ಮುಗಿಸಿ’ ಎಂದು ಹೇಳಿಕೊಡುವವರನ್ನು ನಂಬಬೇಡಿ. ಒಂದು ಆರ್ಡರಿಗೆ 10 ಐಟಂ, 5 ಪಾವತಿ ಇದ್ದು ಎರಡನ್ನೂ ಜಾಯಿನ್ ಮಾಡಿದರೆ 50 ಸಾಲು ಬರುತ್ತವೆ, ಮೊತ್ತ ಕೂಡಿದರೆ ಲೆಕ್ಕವೂ ತಪ್ಪುತ್ತದೆ. ಸೆಲೆಕ್ಟ್_ರಿಲೇಟೆಡ್‌ಗೆ ಹೆಸರೇ ಕೊಡದೆ ಖಾಲಿ ಬಿಡುವುದೂ ಕೆಟ್ಟ ಅಭ್ಯಾಸ: ನಲ್ (ಖಾಲಿ) ಆಗದ ಫಾರಿನ್ ಕೀಗಳನ್ನೆಲ್ಲ (ಬೇರೆ ಟೇಬಲ್‌ನ ಸಾಲನ್ನು ತೋರಿಸುವ ಕಾಲಂಗಳು) ಅದು ಹಿಂಬಾಲಿಸಿ ಬೇಡದ ಟೇಬಲ್‌ಗಳನ್ನೂ ಎಳೆದು ತರುತ್ತದೆ.

ಪ್ರಶ್ನೆ: ಓಆರ್‌ಎಂ (ಪೈಥಾನ್ ಕೋಡನ್ನು ಎಸ್‌ಕ್ಯೂಎಲ್ ಆಗಿಸುವ ಜಾಂಗೋದ ಭಾಗ) ನಿಧಾನ. ನೇರ ಎಸ್‌ಕ್ಯೂಎಲ್ ಬರೆಯಲೇ?

ಉತ್ತರ: ಅದೇ ಲೂಪಿನೊಳಗೆ ಬರೆದರೆ ಕ್ವೆರಿಯೂ ಅಷ್ಟೇ.

ಪ್ರಶ್ನೆ: ರೆಡಿಸ್ ಕ್ಯಾಶ್ (ಫಲಿತಾಂಶವನ್ನು ಕೆಲಕಾಲ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು) ಸಾಲದೇ?

ಉತ್ತರ: ಸಾಲದು. ಕ್ಯಾಶ್ ಅವಧಿ ಮುಗಿದಾಗಲೆಲ್ಲ ಯಾರಾದರೊಬ್ಬರು ಆ 502ಕ್ಕೂ ಕಾಯಲೇಬೇಕು.

ಪ್ರಶ್ನೆ: ಸಾಲುಗಳನ್ನು ತುಂಡು ತುಂಡಾಗಿ ತರುವ ಇಟರೇಟರ್ ಬಳಸಿದರೆ ಪ್ರಿಫೆಚ್ ಕೆಲಸ ಮಾಡುತ್ತಿಲ್ಲ.

ಉತ್ತರ: ಜಾಂಗೋ 4.1ಕ್ಕಿಂತ ಹಳೆಯದಿದ್ದರೆ ಮಾಡುವುದೂ ಇಲ್ಲ. ಅಪ್‌ಗ್ರೇಡ್ ಮಾಡಿ ಚಂಕ್_ಸೈಜ್ (ಒಂದು ತುಂಡಿನಲ್ಲಿ ಎಷ್ಟು ಸಾಲು) ಕೊಡಿ. ಪ್ರತಿ ಚಂಕಿಗೂ ಪ್ರಿಫೆಚ್ ಹೊಸದಾಗಿ ಓಡುತ್ತದೆ, ಹಾಗಾಗಿ 10 ಎಂದು ಕೊಟ್ಟು ಕೂರಬೇಡಿ, 2000ದಿಂದ ಶುರು ಮಾಡಿ.