ಕ್ಯಾಂಡಿಡಾ ಶಿಲೀಂಧ್ರದ ಪ್ಲೇಟಿನಲ್ಲಿ ಸೀಮೆ ಅಗಸೆ ಎಲೆಯ ಸಾರಕ್ಕೆ 18 ಮಿಮೀ ಝೋನ್ (ಶಿಲೀಂಧ್ರ ಬೆಳೆಯದ ವೃತ್ತ), ಶಿಲೀಂಧ್ರದ ಔಷಧ ಕ್ಲೋಟ್ರಿಮಜೋಲ್‌ಗೆ 16. ಹಾಗಾದರೆ ನನ್ನ ಸಾರದಿಂದ ಮುಲಾಮು ಮಾಡಬಹುದೇ?

ಅದೇ ಎಲೆ, ಅದೇ ಕ್ಯಾಂಡಿಡಾ, ಅದೇ ಹಿಗ್ಗು. ನೀವು ನಿಂತಿರುವ ಗುಂಡಿಗೆ ಎಂಎಸ್ಸಿಯಲ್ಲಿ ನಾನೂ ಬಿದ್ದಿದ್ದೆ.

ನೆರಳಲ್ಲಿ ಒಣಗಿಸಿದ ಎಲೆಪುಡಿ 20 ಗ್ರಾಂ, ಮೆಥನಾಲ್ 200 ಮಿಲೀ, ಶೇಕರ್‌ನಲ್ಲಿ 48 ಗಂಟೆ, ಸೋಸಿ 40 ಡಿಗ್ರಿಯಲ್ಲಿ ಆವಿ ಮಾಡಿದ್ದು. ಅಲ್ಲಿಯವರೆಗೆ ಸರಿ. ಉಳಿದ ಅಂಟನ್ನು ಅಪ್ಪಟ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲೀಗೆ 100 ಮಿಗ್ರಾಂನಂತೆ ಕರಗಿಸಿ, ಅಗಾರಿನಲ್ಲಿ (ಶಿಲೀಂಧ್ರ ಬೆಳೆಸುವ ಜೆಲ್ಲಿ) ಕೊರೆದ 6 ಮಿಮೀ ವೆಲ್‌ಗೆ, ಅಂದರೆ ಗುಳಿಗೆ, 100 ಮೈಕ್ರೋಲೀಟರ್ ಹಾಕಿದೆ. ಬರೀ ಡಿಎಂಎಸ್‌ಒ ಹಾಕಿದ ವೆಲ್ ಇಡಲೇ ಇಲ್ಲ. ಪ್ಲೇಟಿನಲ್ಲಿ 20 ಮಿಲೀ ಅಗಾರ್ ಇದೆ, ದ್ರಾವಕ ಅರ್ಧ ಶೇಕಡಾ ಮಾತ್ರ, ಏನಾಗುತ್ತದೆ ಎಂಬ ಲೆಕ್ಕ ನನ್ನದು. ಆದರೆ ಆ ಅರ್ಧ ಶೇಕಡಾ ಬರುವುದು ದ್ರಾವಕ ಇಡೀ ಅಗಾರಿಗೆ ಸಮನಾಗಿ ಹರಡಿದ ಮೇಲೆ. ಮೊದಲ ಗಂಟೆಗಳಲ್ಲಿ ವೆಲ್ಲಿನ ಅಂಚಿನಲ್ಲಿ ಅದು ಎಷ್ಟೋ ಪಟ್ಟು ಗಾಢ. ಕ್ಯಾಂಡಿಡಾ ಮೊಳೆಯುವುದೂ ಆಗಲೇ. ಮೇಲಿಂದ ಸಾರ ಪೂರ್ತಿ ಒಣಗಿರಲಿಲ್ಲ, ಮೂಗಿಗೆ ಮೆಥನಾಲ್ ವಾಸನೆ ಬಡಿಯುತ್ತಿತ್ತು. ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕಿತ್ತು. ವೈವಾದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ದ್ರಾವಕದ ವೆಲ್ ಎಲ್ಲಿ? ಮತ್ತೆ ಮಾಡಿದಾಗ ಬರೀ ದ್ರಾವಕಕ್ಕೇ 13 ಮಿಮೀ ಬಂತು. 18ರಲ್ಲಿ 13 ಕಳೆದು 5 ಎನ್ನುವಂತೆಯೂ ಇಲ್ಲ, ಝೋನಿನ ಅಳತೆ ಪ್ರಮಾಣಕ್ಕೆ ನೇರವಾಗಿ ಬೆಳೆಯುವುದಿಲ್ಲ. ಇಡೀ ಅಧ್ಯಾಯ ಹೋಯಿತು.

ಇನ್ನು ನಿಮ್ಮ 18–16. ಈ ಹೋಲಿಕೆಯೇ ತಪ್ಪು. ನೀವೂ ನನ್ನಷ್ಟೇ ಹಾಕಿದ್ದರೆ ವೆಲ್ಲಿನಲ್ಲಿ 10 ಮಿಗ್ರಾಂ ಸಾರವಿದೆ; ಕ್ಲೋಟ್ರಿಮಜೋಲ್ ಡಿಸ್ಕಿನಲ್ಲಿ (ಔಷಧ ಹೀರಿದ ಕಾಗದದ ಬಿಲ್ಲೆ) ಸಾಮಾನ್ಯವಾಗಿ 10 ಮೈಕ್ರೋಗ್ರಾಂ. ಸಾವಿರ ಪಟ್ಟು ಹಾಕಿ 2 ಮಿಮೀ ಗೆದ್ದಿದ್ದೀರಿ!

ಝೋನ್ ಬಿಟ್ಟು ಎಂಐಸಿ ನೋಡಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಸಾಂದ್ರತೆ. ಡಿಎಂಎಸ್‌ಒದಲ್ಲಿ ಮಿಲೀಗೆ 51.2 ಮಿಗ್ರಾಂ ಸ್ಟಾಕ್ ಮಾಡಿ, ಆರ್‌ಪಿಎಂಐ 1640 ಎಂಬ ದ್ರವ ಮಾಧ್ಯಮದಲ್ಲಿ 50 ಪಟ್ಟು ತೆಳು ಮಾಡಿ. ಮುಂದಿನ ಎರಡೆರಡು ಪಟ್ಟಿನ ಡೈಲ್ಯೂಶನ್‌ಗಳಿಗೆ ಬರೀ ಆರ್‌ಪಿಎಂಐ ಬೇಡ, 2% ಡಿಎಂಎಸ್‌ಒ ಬೆರೆಸಿದ್ದನ್ನೇ ಬಳಸಿ. ಮೈಕ್ರೋಪ್ಲೇಟಿನ ಪ್ರತಿ ವೆಲ್‌ಗೆ ಇದು 100, ಶಿಲೀಂಧ್ರ 100 ಮೈಕ್ರೋಲೀಟರ್ ಹಾಕಿದರೆ ಮಿಲೀಗೆ 512ರಿಂದ 1 ಮೈಕ್ರೋಗ್ರಾಂವರೆಗೆ ಹತ್ತು ವೆಲ್, ಎಲ್ಲದರಲ್ಲೂ ದ್ರಾವಕ 1%. ಹನ್ನೊಂದನೆಯದು ಸಾರವಿಲ್ಲದ, 1% ದ್ರಾವಕವಿರುವ ಬೆಳವಣಿಗೆಯ ಕಂಟ್ರೋಲ್ (ಹೋಲಿಕೆಯ ವೆಲ್). ಹನ್ನೆರಡನೆಯದು ಬರೀ ಮಾಧ್ಯಮ. ಶಿಲೀಂಧ್ರ ಹಾಕದ ಸಾರದ ಸಾಲೊಂದು ಬೇಕೇ ಬೇಕು, ಎಲೆಯ ಹಸಿರು ಕಣ್ಣಿಗೆ ಮೋಸ ಮಾಡುತ್ತದೆ. ಜೀವಂತ ಕೋಶವಿದ್ದರೆ ಬಣ್ಣ ಬದಲಿಸುವ ರೆಸಜೂರಿನ್ ಹಾಕಿದರಂತೂ ಆ ಸಾಲು ಇನ್ನೂ ಮುಖ್ಯ. ಕೆಲವು ಸಾರಗಳು ಶಿಲೀಂಧ್ರವಿಲ್ಲದೆಯೂ ಅದರ ಬಣ್ಣ ತಿರುಗಿಸುತ್ತವೆ. ತಿಳಿಯಾಗಿರುವ ವೆಲ್‌ಗಳಿಂದ 10 ಮೈಕ್ರೋಲೀಟರ್ ತೆಗೆದು ಸಬೊರೊ ಅಗಾರಿಗೆ ಹಾಕಿ. ಬೆಳೆದರೆ ಸಾರ ತಡೆದಿದೆ ಅಷ್ಟೇ, ಕೊಂದಿಲ್ಲ.

ಅಂದಹಾಗೆ, ಕ್ಯಾಂಡಿಡಾ ಯಾಕೆ? ಊರಲ್ಲಿ ಈ ಎಲೆ ಅರೆದು ಹಚ್ಚುವುದು ಗಜಕರ್ಣಕ್ಕೆ. ಅದನ್ನು ತರುವುದು ಹೆಚ್ಚಾಗಿ ಟ್ರೈಕೊಫೈಟನ್ ಎಂಬ ಬೇರೆ ಶಿಲೀಂಧ್ರ. ಕ್ಯಾಂಡಿಡಾ 24 ಗಂಟೆಯಲ್ಲಿ ಬೆಳೆಯುತ್ತದೆಂದು ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಟ್ರೈಕೊಫೈಟನ್‌ಗೆ 35 ಡಿಗ್ರಿಯಲ್ಲಿ 4 ದಿನ, ಮಿಲೀಗೆ 1,000–3,000 ಕೊನಿಡಿಯಾ (ಶಿಲೀಂಧ್ರದ ಬೀಜಕಗಳು). ತಳಿಯನ್ನು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹ ಎಂಟಿಸಿಸಿಯಿಂದ ತರಿಸಿ. ಗಜಕರ್ಣದ ಔಷಧ ಟರ್ಬಿನಾಫಿನ್‌ಗೆ ಹಲವು ಸಲ ಬಗ್ಗದ ಟ್ರೈಕೊಫೈಟನ್ ಇಂಡೋಟಿನಿಯೇ ನಮ್ಮ ದೇಶದಲ್ಲಿ ಹಬ್ಬಿದೆ, ಆದ್ದರಿಂದ ರೋಗಿಯಿಂದ ತೆಗೆದ, ಯಾವುದೆಂದು ಗುರುತಿಸದ ಶಿಲೀಂಧ್ರ ಇಟ್ಟುಕೊಂಡು ಟರ್ಬಿನಾಫಿನ್ ಕಂಟ್ರೋಲ್ ನಂಬಬೇಡಿ.

ಮುಲಾಮಿನ ಮಾತು ಈಗ ಬೇಡ. ಎಂಐಸಿ 100ರ ಕೆಳಗೆ ಬಂದರೆ ಬರೆಯಿರಿ, ಮುಂದೇನೆಂದು ನೋಡೋಣ. 512ರಲ್ಲೂ ಬೆಳೆದಿದ್ದರೆ ಬೇರೆ ಗಿಡ ಹುಡುಕಿ.