ಸಾಗುವಾನಿಯ ಎಲೆ ತಿನ್ನುವ ಪತಂಗ: ಹುಳು ನೆಲಕ್ಕಿಳಿದ ಮೇಲೆ ಔಷಧಿ ಏಕೆ ಬೇಡ

ಹಳಿಯಾಳದ ಮಿತ್ರರಿಗೆ ನಮಸ್ಕಾರ. ರೋಹಿಣಿ ಮಳೆಯ ಹೊತ್ತಿಗೆ ನಿಮ್ಮ ಮೂರು ವರ್ಷದ ಸಾಗುವಾನಿ ಗಿಡಗಳ ಎಲೆಗಳು ಕೆಲವೇ ದಿನಗಳಲ್ಲಿ ನರ ಮಾತ್ರ ಉಳಿದು ಬರಿದಾದವೆಂದೂ, ಕಪ್ಪು ಹುಳುಗಳು ನೂಲಿಗೆ ಜೋತುಬಿದ್ದು ನೆಲಕ್ಕಿಳಿಯುತ್ತಿವೆಯೆಂದೂ ಬರೆದು, ಗಿಡ ಸಾಯುತ್ತದೆಯೇ, ಯಾವ ಔಷಧಿ ಹೊಡೆಯಬೇಕು, ಪಕ್ಕದ ಅಡಿಕೆಗೂ ಭತ್ತದ ಸಸಿಮಡಿಗೂ ಇದು ಹತ್ತುತ್ತದೆಯೇ ಎಂದು ಕೇಳಿದ್ದೀರಿ. ಗಿಡ ಸಾಯುವುದಿಲ್ಲ. ಅಡಿಕೆಯನ್ನಾಗಲಿ ಭತ್ತವನ್ನಾಗಲಿ ಈ ಹುಳು ತಿನ್ನುವುದಿಲ್ಲ. ಔಷಧಿಯನ್ನು ಈಗ ಹೊಡೆಯಬೇಡಿ, ಏಕೆಂದರೆ ನೂಲು ಹಿಡಿದು ಇಳಿಯುತ್ತಿರುವ ಹುಳುವಿನ ಊಟ ಮುಗಿದಿರುತ್ತದೆ.

ನಿಮ್ಮ ವಿವರಣೆ ಮತ್ತು ಚಿತ್ರಗಳನ್ನು ನೋಡಿದರೆ ಇದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳು. ಹೊರಗಿನಿಂದ ಬಂದ ಪಿಡುಗಲ್ಲ, ತೇಗದ, ಅಂದರೆ ಸಾಗುವಾನಿಯ, ಕಾಡುಗಳಲ್ಲಿ ಮೊದಲಿನಿಂದಲೂ ಇರುವ ಜೀವಿ. ಪತಂಗ ರೆಕ್ಕೆ ಬಿಚ್ಚಿದಾಗ ಮೂರು, ನಾಲ್ಕು ಸೆಂಟಿಮೀಟರ್ ಅಗಲವಿರುತ್ತದೆ. ಮುಂದಿನ ರೆಕ್ಕೆಗಳು ಒಣಗಿದ ಎಲೆಯ ಬೂದುಗಂದು ಬಣ್ಣದವು, ಹಿಂದಿನವು ಕಪ್ಪಾಗಿದ್ದು ಅವುಗಳ ಮೇಲೆ ಕಿತ್ತಳೆ ಮಚ್ಚೆಗಳಿರುತ್ತವೆ. ಕುಳಿತಾಗ ಮುಂದಿನ ರೆಕ್ಕೆ ಹಿಂದಿನದನ್ನು ಮುಚ್ಚಿಬಿಡುವುದರಿಂದ ಹಗಲಿನಲ್ಲಿ ಪೊದೆಗಳಡಿ ಕುಳಿತಿರುವ ಪತಂಗ ಕಣ್ಣಿಗೆ ಬೀಳುವುದೇ ಇಲ್ಲ.

ಬೇಸಿಗೆಯಲ್ಲಿ ಬೋಳಾಗಿದ್ದ ಸಾಗುವಾನಿ ಭರಣಿ, ಕೃತ್ತಿಕಾ ಮಳೆಗಳಿಗೆ ಚಿಗುರುತ್ತದಲ್ಲವೇ, ಆ ಎಳೆ ಎಲೆಗಳ ಮೇಲೆ, ಹೆಚ್ಚಾಗಿ ಅಡಿಭಾಗದಲ್ಲಿ ನರಗಳ ಪಕ್ಕ, ಹೆಣ್ಣು ಪತಂಗ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆ ಚಪ್ಪಟೆಯಾಗಿ, ಬೆಳ್ಳಗೆ, ಸುಮಾರು ಒಂದು ಮಿಲಿಮೀಟರ್ ಉದ್ದವಿರುತ್ತದೆ. ಒಂದು ಹೆಣ್ಣು ಸುಮಾರು 500 ಮೊಟ್ಟೆಗಳನ್ನಿಡುತ್ತದೆ, ಕೆಲವೊಮ್ಮೆ ಈ ಸಂಖ್ಯೆ 1000 ಮುಟ್ಟುವುದೂ ಉಂಟು. ಎರಡು ದಿನಗಳಲ್ಲಿ ಮೊಟ್ಟೆಯೊಡೆದು ಹೊರಬರುವ ಮರಿ ಮೊದಲು ಎಲೆಯ ಮೇಲ್ಮೈಯನ್ನಷ್ಟೇ ಕೆರೆದು ತಿನ್ನುತ್ತದೆ. ಸ್ವಲ್ಪ ಬೆಳೆದ ಮೇಲೆ ಎಲೆಯಂಚನ್ನು ಕತ್ತರಿಸಿ, ಮಡಚಿ, ನೂಲಿನಿಂದ ಹೊಲಿದುಕೊಂಡು ಅದರೊಳಗೆ ಸೇರಿಕೊಳ್ಳುತ್ತದೆ. ಈ ಮಡಿಕೆಯನ್ನು ಗುರುತಿಸಲು ಕಲಿತರೆ ಸಾಗುವಾನಿ ಬೆಳೆಗಾರನ ಅರ್ಧ ಕೆಲಸ ಮುಗಿದಂತೆ. ಒಟ್ಟು ಐದು ಹಂತಗಳಲ್ಲಿ ಬೆಳೆಯುವ ಹುಳು ತಿನ್ನುವುದರ ಬಹುಪಾಲನ್ನು ಕೊನೆಯ ಎರಡು ಹಂತಗಳಲ್ಲಿ ತಿನ್ನುವುದರಿಂದ, ನಿನ್ನೆಯವರೆಗೆ ಹಸಿರಾಗಿದ್ದ ತೋಟ ಇದ್ದಕ್ಕಿದ್ದಂತೆ ಬರಿದಾಯಿತೆಂದು ನಮಗೆ ತೋರುತ್ತದೆ. ದೊಡ್ಡ ಮರಗಳ ಕೆಳಗೆ ನಿಂತರೆ ಆಗ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯಂತೆ ಕೇಳುತ್ತದೆ.

ಹವೆ ಅನುಕೂಲವಾಗಿದ್ದರೆ ಹತ್ತು, ಹನ್ನೆರಡು ದಿನಗಳಲ್ಲಿ ಹುಳು ಪೂರ್ತಿ ಬೆಳೆದು, ನೂಲು ಹಿಡಿದು ನೆಲಕ್ಕಿಳಿದು, ತರಗೆಲೆಗಳ ನಡುವೆ ಅಥವಾ ಸಡಿಲ ಮಣ್ಣಿನಲ್ಲಿ ಕೋಶವಾಗುತ್ತದೆ. ನೆಲ ತೀರಾ ಒದ್ದೆಯಾಗಿದ್ದರೆ ಕೆಳಗಿನ ಕುರುಚಲು ಗಿಡಗಳ ಎಲೆಗಳನ್ನೇ ಮಡಚಿಕೊಂಡು ಅಲ್ಲಿ ಕೋಶ ಕಟ್ಟುತ್ತದೆ. ಆರರಿಂದ ಎಂಟು ದಿನಗಳಲ್ಲಿ ಪತಂಗ ಹೊರಬರುತ್ತದೆ. (ಜಾವಾ ದ್ವೀಪದ ತೇಗದ ಸೀಮೆಯಲ್ಲಿ ಜನರು ಈ ಕೋಶಗಳನ್ನು ಆರಿಸಿ, ಹುರಿದು ತಿನ್ನುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಕಾಗೆ, ಗೊರವಂಕಗಳಿಗೆ ಬಿಟ್ಟಿದ್ದೇವೆ.)

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ತರಗೆಲೆಗೆ ಬೆಂಕಿ ಹಾಕಿ ಕೋಶಗಳನ್ನು ಸುಡಬೇಕೆಂದು ಹೇಳಿದ್ದಾರೆ. ನಾನು ಇದನ್ನು ಖಂಡಿತವಾಗಿ ಒಪ್ಪುವುದಿಲ್ಲ. ಪಿಡುಗಿನ ಕಾಲದಲ್ಲಿ ಪತಂಗಗಳು ಹುಟ್ಟಿದಲ್ಲಿಯೇ ಉಳಿಯದೆ ಗುಂಪಾಗಿ ಬೇರೆಡೆಗೆ ಹಾರಿಹೋಗಿ, ಎಲ್ಲಿ ಎಳೆ ಎಲೆ ಸಿಗುತ್ತದೆಯೋ ಅಲ್ಲಿ ಮೊಟ್ಟೆಯಿಡುತ್ತವೆ. ಹಾಗಾಗಿ ನಿಮ್ಮ ನೆಲದ ಕೋಶಗಳನ್ನು ಸುಟ್ಟರೂ ಮುಂದಿನ ಸಲ ಬರುವ ಪತಂಗಗಳು ಬೇರೆ ಕಡೆಯಿಂದಲೇ ಬರುತ್ತವೆ. ಬೆಂಕಿಯಿಂದ ಎಳೆ ಗಿಡಗಳ ತೊಗಟೆ ಸುಡುತ್ತದೆ, ಮಣ್ಣಿನ ಹೊದಿಕೆ ಹೋಗುತ್ತದೆ, ಹುಳುವನ್ನು ತಿನ್ನುವ ಇರುವೆಗಳೂ ಅದರ ಮೈಯಲ್ಲಿ ಮೊಟ್ಟೆಯಿಡುವ ಪರಾವಲಂಬಿ ನೊಣಗಳೂ ಸಾಯುತ್ತವೆ.

ಗಿಡ ಸಾಯುವುದಿಲ್ಲವೆಂದ ಮಾತ್ರಕ್ಕೆ ನಷ್ಟವೇ ಇಲ್ಲವೆಂದು ತಿಳಿಯಬಾರದು. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ನೆಡುತೋಪುಗಳಲ್ಲಿ ಕೆಲವು ತಾಕುಗಳನ್ನು ಹುಳುವಿನಿಂದ ಕಾಪಾಡಿ, ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಿ, 1985ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕಾಪಾಡಿದ ಮರಗಳು ಹೆಕ್ಟೇರಿಗೆ ವರ್ಷಕ್ಕೆ 6.7 ಘನಮೀಟರ್ ಬೆಳೆದರೆ ಹುಳು ತಿಂದವು 3.7 ಘನಮೀಟರ್ ಮಾತ್ರ ಬೆಳೆದವು. ಅಂದರೆ ಬರಬೇಕಾಗಿದ್ದ ಬೆಳವಣಿಗೆಯಲ್ಲಿ ಶೇಕಡಾ 44ರಷ್ಟು ಕಡಿಮೆ. ಮರ ತನ್ನ ಶಕ್ತಿಯನ್ನೆಲ್ಲ ಮತ್ತೆ ಎಲೆ ಬಿಡಲು ಖರ್ಚು ಮಾಡುತ್ತದೆ. ಅದರ ಜೊತೆಗೆ ಎಳೆ ಗಿಡದ ಸುಳಿ ಹಾಳಾದರೆ ಕಾಂಡ ಕವಲೊಡೆಯುತ್ತದೆ, ನೆಟ್ಟನೆಯ ದಿಮ್ಮಿ ಸಿಗುವುದಿಲ್ಲ.

ಆದ್ದರಿಂದ ನೀವು ಈಗ ಮಾಡಬೇಕಾದ ಮುಖ್ಯ ಕೆಲಸ ಸುಳಿಯದು. ಕೆಲವು ವಾರಗಳಲ್ಲಿ ಗಿಡಗಳು ಮತ್ತೆ ಚಿಗುರುತ್ತವೆ. ಸುಳಿ ಹೋದ ಗಿಡಗಳಲ್ಲಿ ನೇರವಾಗಿ, ಬಲವಾಗಿ ಬಂದ ಒಂದೇ ಚಿಗುರನ್ನು ಉಳಿಸಿಕೊಂಡು ಉಳಿದವನ್ನು ಎಳೆಯವಾಗಿರುವಾಗಲೇ ಚಿವುಟಿ ತೆಗೆಯಿರಿ. ಹೊಸ ಚಿಗುರಿಗೆ ಇನ್ನೊಂದು ಪೀಳಿಗೆ ಬರುವ ಸಂಭವವಿರುವುದರಿಂದ, ಎರಡು ದಿನಗಳಿಗೊಮ್ಮೆ ಎಲೆಗಳ ಅಡಿಭಾಗವನ್ನೂ ಅಂಚಿನ ಮಡಿಕೆಗಳನ್ನೂ ನೋಡುತ್ತಿರಿ. ಕೈಗೆಟಕುವ ಎತ್ತರದ ಗಿಡಗಳಲ್ಲಿ ಮಡಿಕೆಯನ್ನು ಬೆರಳಿನಿಂದ ಒತ್ತಿದರೆ ಒಳಗಿನ ಹುಳು ಸಾಯುತ್ತದೆ. ಇದು ಕಂಬಳಿಹುಳುವಲ್ಲ, ಮುಟ್ಟಿದರೆ ತುರಿಕೆಯಾಗುವುದಿಲ್ಲ.

ಗಿಡಗಳು ಹೆಚ್ಚಿದ್ದು ಕೈಯಿಂದ ಆಗದಿದ್ದರೆ, ಹುಳು ಚಿಕ್ಕದಿರುವಾಗಲೇ ಬಿ.ಟಿ. (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ) ಎಂಬ ಜೈವಿಕ ಕೀಟನಾಶಕವನ್ನು ಪೊಟ್ಟಣದ ಮೇಲೆ ನಮೂದಿಸಿದ ಪ್ರಮಾಣದಲ್ಲಿ ಸಂಜೆ ಹೊತ್ತು ಸಿಂಪಡಿಸಬಹುದು. ಇದು ಎಲೆಯ ಜೊತೆ ಹೊಟ್ಟೆ ಸೇರಿದರೆ ಮಾತ್ರ ಕೆಲಸ ಮಾಡುವುದರಿಂದ ಎಲೆಯ ಎರಡೂ ಬದಿ ನೆನೆಯಬೇಕು, ಮತ್ತು ತಿನ್ನುವುದನ್ನು ನಿಲ್ಲಿಸಿದ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಒಂದು ಎಚ್ಚರಿಕೆ: ಬಿ.ಟಿ. ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಸುತ್ತಮುತ್ತ ಯಾರದಾದರೂ ಹಿಪ್ಪುನೇರಳೆ ತೋಟವಿದ್ದರೆ ಈ ಸಿಂಪಡಣೆಯನ್ನು ಕೈಬಿಡಿ. ರಾಸಾಯನಿಕ ಕೀಟನಾಶಕಗಳನ್ನಂತೂ ನಾನು ಸೂಚಿಸುವುದಿಲ್ಲ. ಎತ್ತರದ ಮರಗಳ ತುದಿಗೆ ಅವು ತಲುಪುವುದಿಲ್ಲ, ತಲುಪಿದಲ್ಲಿ ಜೇನನ್ನೂ ಕೊಲ್ಲುತ್ತವೆ.

ನೋಡುವಾಗ ಕೆಲವು ಹುಳುಗಳು ತಲೆಕೆಳಗಾಗಿ ಎಲೆಗೆ ಜೋತು, ಮೈ ಮೆತ್ತಗಾಗಿ, ಮುಟ್ಟಿದರೆ ದ್ರವವಾಗಿ ಸೋರುವಂತೆ ಸತ್ತಿರುವುದು ಕಂಡರೆ ಅವನ್ನು ಕಿತ್ತೆಸೆಯಬೇಡಿ. ಅದು ಈ ಹುಳುವಿಗೆ ತಗಲುವ ಎನ್.ಪಿ.ವಿ. ವೈರಸ್ ರೋಗ. ಸತ್ತ ಹುಳುವಿನಿಂದ ಸೋರಿದ ರಸ ಎಲೆಗೆ ಹರಡಿ, ಅದನ್ನು ತಿಂದ ಉಳಿದ ಹುಳುಗಳು ಕೆಲವು ದಿನಗಳಲ್ಲಿ ಸಾಯುತ್ತವೆ. ಕೇರಳದ ಅದೇ ಸಂಸ್ಥೆ ಈ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಸಿಂಪಡಿಸುವ ವಿಧಾನವನ್ನು ರೂಪಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎಲೆಗಳು ಸಣ್ಣ ನರಗಳ ಜಾಲವೂ ಉಳಿದು ಜರಡಿಯಂತಾದರೆ ಗಾಬರಿಯಾಗಬೇಡಿ. ಅದು ಬೇರೊಂದು ಪತಂಗದ ಕೆಲಸ. ನಿಮ್ಮಲ್ಲಿ ಈಗ ಬಂದಿರುವ ಹುಳು ದಪ್ಪ ನರಗಳನ್ನಷ್ಟೇ ಬಿಡುತ್ತದೆ, ಆ ಇನ್ನೊಂದರ ಹುಳು ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ. ಎಲೆ ಉದುರುವ ಕಾಲ ಹತ್ತಿರವಿರುವಾಗ ಬರುವ ಆ ಹುಳುವಿನಿಂದ ನಿಲಂಬೂರಿನ ಅಧ್ಯಯನದಲ್ಲಿ ಹೇಳಿಕೊಳ್ಳುವಂತಹ ನಷ್ಟ ಕಂಡುಬರಲಿಲ್ಲ, ಅದಕ್ಕಾಗಿ ಹಣ ಖರ್ಚು ಮಾಡುವ ಅಗತ್ಯವಿಲ್ಲ.