ಬೆಟ್ಟದಲ್ಲಿ ನೋಡುವುದಕ್ಕೇನಿದೆ? – ಸಂಪಾದಕರ ಉತ್ತರ

ಮಾನ್ಯರೇ,

ಪಾಂಡವಪುರದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ನಮ್ಮ ಪ್ರವಾಸ ಸಂಚಿಕೆಯನ್ನು ಓದಿ ಮನೆಯವರೊಡನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಿರೆಂದೂ, ರಂಗನಾಥನ ದರ್ಶನವಾದ ಮೇಲೆ ನೋಡುವುದಕ್ಕೆ ಏನೂ ಸಿಗಲಿಲ್ಲವೆಂದೂ, ಕಾಡಿನ ದಾರಿಯಲ್ಲಿ ವಾಹನದಿಂದ ಇಳಿಯಲು ಬಿಡಲಿಲ್ಲವೆಂದೂ ಬೇಸರಪಟ್ಟುಕೊಂಡಿದ್ದೀರಿ. ದಿನವೂ ಸಂಜೆ ಅಲ್ಲಿನ ಸೋಲಿಗ ಬುಡಕಟ್ಟಿನವರ ನೃತ್ಯಪ್ರದರ್ಶನ ಏರ್ಪಡಿಸಿ, ಬಂಡೆಯ ಅಂಚಿನಲ್ಲಿ ಒಂದೆರಡು ವೀಕ್ಷಣಾ ಗೋಪುರಗಳನ್ನು ಕಟ್ಟಿದರೆ ಎಲ್ಲರಿಗೂ ಅನುಕೂಲವಾದೀತೆಂಬುದು ನಿಮ್ಮ ಸಲಹೆ. ದೇವಸ್ಥಾನದಲ್ಲಿರುವ ಅಷ್ಟು ದೊಡ್ಡ ಪಾದರಕ್ಷೆಗಳು ಯಾರವು ಎಂದು ನಿಮ್ಮ ಮಗಳು ಕೇಳಿದಾಗ, ನೂಕುನುಗ್ಗಲಿನಲ್ಲಿ ಯಾರೂ ಉತ್ತರ ಕೊಡಲಿಲ್ಲವೆಂದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ.

ನಿಮ್ಮ ಬೇಸರಕ್ಕೆ ನಾವೂ ಕಾರಣರು. ಆ ಸಂಚಿಕೆಯಲ್ಲಿ ದಾರಿ, ವಸತಿ, ಸಫಾರಿಯ ವಿವರಗಳನ್ನು ಕೊಟ್ಟೆವೇ ಹೊರತು ಆ ಬೆಟ್ಟದಲ್ಲೇ ಹುಟ್ಟಿ ಬಾಳುತ್ತಿರುವ ಸೋಲಿಗರ ಬಗ್ಗೆ ಒಂದು ವಾಕ್ಯವನ್ನೂ ಅಚ್ಚು ಮಾಡಲಿಲ್ಲ. ಅವರನ್ನು ಬಿಟ್ಟು ಆ ಬೆಟ್ಟವನ್ನು ನೋಡಹೋದವರಿಗೆ ಮರಗಳು ಬರಿಯ ಹಸಿರಾಗಿಯೇ ಕಾಣುತ್ತವೆ.

ಯಳಂದೂರಿನ ಕಡೆಯ ತಪ್ಪಲು ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ, ಬೆಟ್ಟಸಾಲಿನ ಅತಿ ಎತ್ತರದ ಕತ್ತರಿ ಬೆಟ್ಟ ಸುಮಾರು 1,800 ಮೀಟರ್ ಇದೆ. ಇಷ್ಟು ಏರಿಕೆಯೊಳಗೇ ಮುಳ್ಳಿನ ಕುರುಚಲು, ಎಲೆಯುದುರುವ ಕಾಡು, ಮೇಲೆ ಕಣಿವೆಗಳಲ್ಲಿ ಶೋಲಾ ಎಂಬ ಕುಳ್ಳ ನಿತ್ಯಹಸಿರು ಕಾಡು, ಅದರ ಸುತ್ತ ಹುಲ್ಲುಗಾವಲು ಒಂದರ ಹಿಂದೊಂದು ಬರುತ್ತವೆ. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವಿನ ಸೇತುವೆಯಂತಿರುವುದರಿಂದ ಎರಡೂ ಕಡೆಯ ಜೀವಿಗಳು ಇಲ್ಲಿ ಸಿಗುತ್ತವೆ. ಇಲ್ಲಿನ ಒಂದು ಪುಟ್ಟ ಕಪ್ಪೆಗೆ ವಿಜ್ಞಾನಿಗಳು ಸೋಲಿಗರ ಹೆಸರನ್ನೇ ಇಟ್ಟಿದ್ದಾರೆ. ವಾಹನದಿಂದ ಇಳಿಯಬಾರದೆಂಬ ನಿಯಮದ ವಿಷಯದಲ್ಲಿ ಮಾತ್ರ ನಾನು ಅರಣ್ಯ ಇಲಾಖೆಯ ಪಕ್ಷದಲ್ಲಿದ್ದೇನೆ. ಅದು ಆನೆಗಳ ದಾರಿ.

ಕೆಲವು ವರ್ಷಗಳ ಹಿಂದೆ ಒಂದು ಪೋಡಿನ (ಸೋಲಿಗರು ತಮ್ಮ ಹಾಡಿಯನ್ನು ಹೀಗೆನ್ನುತ್ತಾರೆ) ಹಿರಿಯರೊಬ್ಬರ ಜೊತೆ ಅರ್ಧ ದಿನ ನಡೆಯುವ ಅವಕಾಶ ನನಗೆ ಸಿಕ್ಕಿತ್ತು. ಒಂದು ತೊರೆ ಹುಟ್ಟುವಲ್ಲಿ ಅವರು ತಟ್ಟನೆ ನಿಂತು, ಚಪ್ಪಲಿ ಬಿಟ್ಟು, ಅಗಲವಾದ ಎಲೆಯೊಂದನ್ನು ಮಡಿಚಿ ನೀರು ತುಂಬಿ ಮೊದಲು ನೆಲಕ್ಕೆ ಸುರಿದು, ಆಮೇಲೆ ನನಗೆ ಕೊಟ್ಟರು. ಅದು ಅವರ ಕುಲದ ಅಬ್ಬಿ, ಎಂದರೆ ಪೂಜಿಸುವ ನೀರಿನ ಸೆಲೆ. ಸೋಲಿಗರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ಒಂದು ಎಲ್ಲೆಯಿದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು ಎಂಬ ಉಗ್ರ ಶಕ್ತಿ, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ, ಅಬ್ಬಿ ಎಂದು ಒಂದೊಂದಕ್ಕೂ ಗೊತ್ತಾದ ಜಾಗವಿದೆ. ಭಾರ್ಗವಿ ಹೊಳೆಯ ದಂಡೆಯಲ್ಲಿ ಅವರು ಪೂಜಿಸುವ ದೊಡ್ಡ ಸಂಪಿಗೆ ಮರಕ್ಕೆ ಆರುನೂರು ವರ್ಷ ದಾಟಿದೆಯೆಂಬ ನಂಬಿಕೆಯಿದೆ.

ಅದೇ ದಿನ ಅವರು ನೆಲ್ಲಿ ಮರದ ಒಂದು ಕೊಂಬೆಯನ್ನು ಬಗ್ಗಿಸಿ ಹಿಡಿದರು. ನೆಲ್ಲಿಯ ಗರಿಯಂಥ ಸಣ್ಣೆಲೆಗಳ ನಡುವೆ, ಬೇರೆಯೇ ಜಾತಿಯ ದಪ್ಪನೆಯ ಎಲೆಗಳು ಕೊಂಬೆಗೆ ಬೆಸೆದುಕೊಂಡು ಬೆಳೆದಿದ್ದವು. ನಾವು ಬಂದಳಿಕೆ ಎನ್ನುವ ಇದು ಅವರ ಬಾಯಲ್ಲಿ ಉಪ್ಪಿಲು. ಹಿಂದೆ ಬೇಸಿಗೆ ಬಲಿಯುವ ಮೊದಲೇ ಒಣಗಿದ ತರಗೆಲೆಗೆ ಮೆಲ್ಲನೆ ಹಾಕುತ್ತಿದ್ದ ತರಗು ಬೆಂಕಿ ಉಪ್ಪಿಲನ್ನೂ, ಹೊರನಾಡಿನಿಂದ ಬಂದು ಹಬ್ಬಿದ ಲಂಟಾನ ಪೊದೆಯನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತೆಂದು ಸೋಲಿಗರು ಹೇಳುತ್ತಾರೆ. 1974ರಲ್ಲಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಅವರ ಬೆಟ್ಟದ ಬೇಸಾಯವೂ ನಿಂತಿತು, ಬೆಂಕಿಯೂ ನಿಂತಿತು. 1997ರಿಂದ 2008ರ ನಡುವೆ ಲಂಟಾನ ಕಂಡುಬಂದ ಜಾಗಗಳು ಸುಮಾರು ಇಮ್ಮಡಿಯಾದುದನ್ನು ಸಂಶೋಧಕರು ಅಳೆದು ದಾಖಲಿಸಿದ್ದಾರೆ. ನೀವು ಕಿಟಕಿಯಿಂದ ನೋಡಿ, ಕಾಡು ಎಷ್ಟು ದಟ್ಟವಾಗಿದೆ ಎಂದು ಮೆಚ್ಚಿ ಬರೆದ ಆ ರಸ್ತೆಬದಿಯ ಪೊದೆಗಳಲ್ಲಿ ಹೆಚ್ಚಿನವು ಲಂಟಾನವೇ ಇರಬೇಕು. ಅದರಡಿ ಹುಲ್ಲು ಬರುವುದಿಲ್ಲ, ನೆಲ್ಲಿಯ ಸಸಿ ಮೇಲೇಳುವುದಿಲ್ಲ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಜೇನು, ನೆಲ್ಲಿ ಮುಂತಾದ ಕಿರು ಉತ್ಪನ್ನಗಳ ಮೇಲೆ ಸೋಲಿಗರ ಸಾಮುದಾಯಿಕ ಹಕ್ಕಿಗೂ ಕಾನೂನಿನ ಮಾನ್ಯತೆ ಸಿಕ್ಕಿತು. ಹುಲಿ ಇರುವಲ್ಲಿ ಜನ ಇರಬಾರದೆಂದು ವಾದಿಸುವವರು ಈ ಬೆಟ್ಟವನ್ನೊಮ್ಮೆ ನೋಡಬೇಕು.

ಇನ್ನು ನೃತ್ಯಪ್ರದರ್ಶನದ ಮಾತು. ಸೋಲಿಗರು ಕುಣಿಯುವುದು ರೊಟ್ಟಿ ಹಬ್ಬದಲ್ಲಿ, ಹೊಸ ರಾಗಿ ಮನೆಗೆ ಬಂದು ಅದರ ರೊಟ್ಟಿಯನ್ನು ದೇವರಿಗೆ ಅರ್ಪಿಸಿದ ರಾತ್ರಿ. ಅದನ್ನು ದಿನವೂ ಸಂಜೆ ಆರಕ್ಕೆ ಟಿಕೆಟ್ ಕೊಟ್ಟು ತೋರಿಸಿದರೆ, ಹಬ್ಬದ ದಿನ ಕುಣಿಯುವುದಕ್ಕೆ ಅವರಲ್ಲಿ ಏನು ಉಳಿದೀತು? ಅವರಿಗೆ ಆದಾಯ ಸಿಗಬೇಕೆಂಬ ನಿಮ್ಮ ಕಾಳಜಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೆ ಗೋಪುರ ಬೇಡ. ಇಲಾಖೆ ಅನುಮತಿಸುವ ದಾರಿಗಳಲ್ಲಿ ಸೋಲಿಗ ಯುವಕ ಯುವತಿಯರೇ ಮಾರ್ಗದರ್ಶಿಗಳಾಗಿ, ಮರಗಿಡಗಳನ್ನು ತಮ್ಮ ಮಾತಿನಲ್ಲೇ ಹೆಸರಿಸಿ ತೋರಿಸುವಂತಾದರೆ, ಅವರು ಪೋಡುಗಳಲ್ಲಿ ಬೆಳೆಯುವ ಕಾಫಿಯನ್ನೂ ಅವರ ಲ್ಯಾಂಪ್ಸ್ (ಆದಿವಾಸಿಗಳ ವಿವಿಧೋದ್ದೇಶ) ಸಹಕಾರ ಸಂಘದ ಜೇನನ್ನೂ ಬಂದವರು ಕೊಳ್ಳುವಂತಾದರೆ, ಹಣ ನೇರವಾಗಿ ಸಲ್ಲಬೇಕಾದವರ ಕೈ ಸೇರುತ್ತದೆ. ಜಾತ್ರೆಯ ದಿನಗಳನ್ನು ಬಿಟ್ಟು, ಮಳೆಗಾಲ ಮುಗಿದ ಮೇಲೆ, ವಾರದ ನಡುವಿನ ಒಂದು ದಿನ ಹೋಗಿ.

ಹಾಗೆ ಹೋದಾಗ ಮಗಳನ್ನು ಮರೆಯದೆ ಕರೆದೊಯ್ಯಿರಿ. ಅವಳ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂಬುದು ಅವರ ಕಥೆ, ಹಾಗಾಗಿ ಅವರಿಗೆ ಆತ ರಂಗಭಾವ. ರಾತ್ರಿಯ ಹೊತ್ತು ಕಾಡೆಲ್ಲ ಸುತ್ತುವುದರಿಂದ ಆತನ ಪಾದರಕ್ಷೆಗಳು ಸವೆಯುತ್ತವೆಂದೂ, ಅದಕ್ಕಾಗಿಯೇ ಭಕ್ತರು ಹೊಸ ಜೋಡು ಮಾಡಿ ಒಪ್ಪಿಸುತ್ತಾರೆಂದೂ ಅವಳಿಗೆ ಹೇಳಿ.

– ಸಂಪಾದಕ, ಮೈಸೂರು